ನೆಲೆಯ ಹಕ್ಕು, ನೆಲದ ಹಕ್ಕು: ಕಾಫಿ ಸೀಮೆಗೆ ಮರಳುವ ಒಸಿಐ ನಿವೃತ್ತರ ದಾಖಲೆಗಳ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯಿಂದ ವಿದೇಶಕ್ಕೆ ಹೋಗಿ, ಅಲ್ಲಿಯ ಪೌರತ್ವ ಪಡೆದು, ನಿವೃತ್ತಿಯ ನಂತರ ಮನೆತನದ ಕಾಫಿ ತೋಟಕ್ಕೆ ಮರಳುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಇಲ್ಲಿ ಎಷ್ಟು ಕಾಲ ಇರಬಹುದು? ತೋಟ ತಮ್ಮ ಹೆಸರಿನಲ್ಲಿ ಇರಬಹುದೆ? ಮೊದಲನೆಯದಕ್ಕೆ ಉತ್ತರ ಪೌರತ್ವ ಕಾಯ್ದೆ 1955ರಲ್ಲಿದೆ; ಎರಡನೆಯದಕ್ಕೆ ಮುಖ್ಯವಾಗಿ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ 1999, ಅಂದರೆ ಫೆಮಾದಲ್ಲಿದೆ. ಎರಡಕ್ಕೂ ‘ಸಾಗರೋತ್ತರ ಭಾರತೀಯ ನಾಗರಿಕ’ (ಒಸಿಐ) ಕಾರ್ಡೇ ಉತ್ತರವೆಂಬ ಗ್ರಹಿಕೆಗೆ ಈ ಪಠ್ಯಗಳಲ್ಲಿ ಆಧಾರ ಕಾಣುವುದಿಲ್ಲ. ಈ ಟಿಪ್ಪಣಿ ಕಾನೂನು ಪಠ್ಯಗಳ ಓದಿಗಷ್ಟೇ ಸೀಮಿತ.

2. ನೆಲೆಸುವ ಹಕ್ಕು

ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಭಾರತೀಯರ ಪೌರತ್ವ, 1955ರ ಕಾಯ್ದೆಯ 9ನೇ ಕಲಮಿನಂತೆ ಕೊನೆಗೊಳ್ಳುತ್ತದೆ. ಅಮೆರಿಕದ ಗ್ರೀನ್ ಕಾರ್ಡಿನಂಥ ಕಾಯಂ ವಾಸದ ಪರವಾನಗಿಗೆ ಈ ಪರಿಣಾಮವಿಲ್ಲ. ಮುಂದಿನ ಲೆಕ್ಕವೆಲ್ಲ ಈ ಭೇದದಿಂದಲೇ ಹೊರಡುತ್ತದೆ.

ಒಸಿಐ ಯೋಜನೆ ಜಾರಿಗೆ ಬಂದದ್ದು 2005ರ ಡಿಸೆಂಬರ್ 2ರಂದು. ಇದಕ್ಕೂ ಮೊದಲಿದ್ದ, 2002ರ ಯೋಜನೆಯಂತೆ 15 ವರ್ಷ ಮಾನ್ಯವಾಗಿದ್ದ ಭಾರತೀಯ ಮೂಲದ ವ್ಯಕ್ತಿಗಳ (ಪಿಐಒ) ಕಾರ್ಡನ್ನು 2015ರ ಜನವರಿ 9ರಂದು ಒಸಿಐ ಜೊತೆ ವಿಲೀನಗೊಳಿಸಲಾಯಿತು. ಈಗ ಆಧಾರವಾಗಿರುವುದು ಗೃಹ ಮಂತ್ರಾಲಯದ 2021ರ ಮಾರ್ಚ್ 4ರ ಅಧಿಸೂಚನೆ. ಅದು ಜೀವಮಾನವಿಡೀ ಎಷ್ಟು ಬಾರಿಯಾದರೂ ಬಂದುಹೋಗುವ ವೀಸಾ ನೀಡುತ್ತದೆ. ಎಷ್ಟು ದೀರ್ಘವಾಗಿ ಉಳಿದರೂ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದರಿಂದ ವಿನಾಯಿತಿ ಕೊಡುತ್ತದೆ. ಆದರೆ ಸಾಮಾನ್ಯವಾಗಿ ಭಾರತದಲ್ಲೇ ವಾಸಿಸುವವರು ಕಾಯಂ ವಿಳಾಸ ಅಥವಾ ವೃತ್ತಿ ಬದಲಾದಾಗ ಆ ಕಚೇರಿಗೆ ಇಮೇಲ್ ಮೂಲಕ ತಿಳಿಸಬೇಕು.

ಹೆಸರಿನಲ್ಲಿ ‘ನಾಗರಿಕ’ ಎಂಬ ಪದವಿದ್ದರೂ ಒಸಿಐ ಪೌರತ್ವವಲ್ಲ. ಪೌರತ್ವ ಕಾಯ್ದೆಯ 7ಡಿ ಕಲಮಿನಡಿ ನೋಂದಣಿ ರದ್ದಾಗಬಹುದು. 2019ರ ತಿದ್ದುಪಡಿ ರದ್ದತಿಯ ಕಾರಣಗಳಿಗೆ ಒಂದನ್ನು ಸೇರಿಸಿದೆ. ಆದ್ದರಿಂದ ನೆಲೆಯ ಹಕ್ಕು ದೀರ್ಘವಾದದ್ದು, ಆದರೆ ಷರತ್ತುಬದ್ಧವಾದದ್ದು ಎಂದಷ್ಟೇ ಹೇಳುವುದು ಸರಿ.

3. ತೋಟದ ಹಕ್ಕು: ಕ್ರಯ, ದಾನ, ವಾರಸು

2019ರ ಅಕ್ಟೋಬರ್ 17ರ ಫೆಮಾ ಋಣೇತರ ಸಾಧನಗಳ ನಿಯಮಗಳಲ್ಲಿ 24ನೇ ನಿಯಮ ಇಲ್ಲಿ ಮುಖ್ಯ. ಅದರ ಸಾರ:

(ಅ) ಕ್ರಯ: ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡುದಾರರು ಕೃಷಿ ಜಮೀನು, ಫಾರ್ಮ್ ಹೌಸ್, ಪ್ಲಾಂಟೇಶನ್ ಆಸ್ತಿ ಬಿಟ್ಟು ಉಳಿದ ಸ್ಥಿರಾಸ್ತಿ ಕೊಳ್ಳಬಹುದು.

(ಆ) ದಾನ: ಸಂಬಂಧಿಕರಿಂದ ದಾನವಾಗಿ ಪಡೆಯುವಾಗಲೂ ಈ ಮೂರು ಬಗೆಯ ಆಸ್ತಿ ಹೊರತು.

(ಇ) ವಾರಸು: ಭಾರತದ ನಿವಾಸಿಯಿಂದ ಯಾವುದೇ ಸ್ಥಿರಾಸ್ತಿಯನ್ನು ವಾರಸಾಗಿ ಪಡೆಯಬಹುದು. ಇಲ್ಲಿ ಪ್ಲಾಂಟೇಶನ್ ಹೊರಗುಳಿದಿಲ್ಲ.

(ಈ) ವಿಲೇವಾರಿ: ಹೀಗೆ ಬಂದ ತೋಟವನ್ನು ಭಾರತದ ನಿವಾಸಿಗೆ ಮಾರಬಹುದು, ಮತ್ತೊಬ್ಬ ಅನಿವಾಸಿಗೆ ಅಥವಾ ಒಸಿಐ ಕಾರ್ಡುದಾರರಿಗೆ ವರ್ಗಾಯಿಸುವಂತಿಲ್ಲ.

ಇದಲ್ಲದೆ, ಭಾರತದ ನಿವಾಸಿಯಾಗಿದ್ದಾಗ ತಾವೇ ಕೊಂಡ ಆಸ್ತಿಯನ್ನು ಮುಂದೆಯೂ ಉಳಿಸಿಕೊಳ್ಳಲು ಫೆಮಾದ 6(5)ನೇ ಕಲಮು ಅವಕಾಶ ನೀಡುತ್ತದೆ.

ಮಲೆನಾಡಿನ ಮನೆಗಳಿಗೆ ಇದರ ಪರಿಣಾಮ ಸಣ್ಣದಲ್ಲ. ತಂದೆ ಬದುಕಿರುವಾಗಲೇ ಹೊರದೇಶದಲ್ಲಿರುವ ಒಸಿಐ ಮಗನಿಗೆ ತೋಟದ ದಾನಪತ್ರ ಬರೆದರೆ ಅದು (ಆ)ಗೆ ವಿರುದ್ಧ. ಅದೇ ತೋಟ ಉಯಿಲಿನ ಮೂಲಕ, ಅಥವಾ ಉಯಿಲಿಲ್ಲದೆ ಪೌತಿ ಖಾತೆಯಾಗಿ ಬಂದರೆ (ಇ)ಗೆ ಸಲ್ಲುತ್ತದೆ. ತಂದೆ, ಮಗ, ಸರ್ವೆ ನಂಬರು ಎಲ್ಲವೂ ಅವೇ. ಪತ್ರದ ಬಗೆ ಮಾತ್ರ ಬೇರೆ. ಅವಿಭಕ್ತ ಕುಟುಂಬದ ವಿಭಾಗಪತ್ರ ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು 24ನೇ ನಿಯಮ ಹೆಸರಿಸಿ ಹೇಳಿಲ್ಲ. ಹುಟ್ಟಿನಿಂದ ಬಂದ ಪಾಲನ್ನು ದಾನವೆನ್ನುವುದು ಕಷ್ಟ. ಅದನ್ನು ವಾರಸೆಂದೇ ಎಣಿಸಬೇಕೆಂದು ಹೇಳಲೂ ಪಠ್ಯದ ಬೆಂಬಲ ಸಾಲದು.

ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಇದರಿಂದ ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆಯಿತು. ಆದರೆ ಅದು ರಾಜ್ಯದ ಕಾನೂನು. ಮೇಲಿನ ಕೇಂದ್ರ ನಿರ್ಬಂಧ ಅದರಿಂದ ಸಡಿಲವಾಗಿಲ್ಲ.

4. ಒಂದು ವ್ಯತ್ಯಾಸ

2019ರ ನಿಯಮಗಳ ವ್ಯಾಖ್ಯೆಯಲ್ಲಿ ಒಸಿಐ ಎಂದರೆ ಪೌರತ್ವ ಕಾಯ್ದೆಯ 7ಎ ಕಲಮಿನಡಿ ನೋಂದಾಯಿತರಾಗಿ ಭಾರತದ ಹೊರಗೆ ವಾಸಿಸುವ ವ್ಯಕ್ತಿ. 2021ರ ಅಧಿಸೂಚನೆಯ ಒಸಿಐ ಕಾರ್ಡುದಾರರಿಗೆ ವಾಸಸ್ಥಳದ ಮಿತಿಯಿಲ್ಲ. ಮೂಡಿಗೆರೆಯಲ್ಲಿ ವರ್ಷಗಟ್ಟಲೆ ನೆಲೆಸಿರುವ ಕಾರ್ಡುದಾರರು ಫೆಮಾದ ಲೆಕ್ಕಕ್ಕೆ ಬಹುಶಃ ‘ಭಾರತದ ನಿವಾಸಿ’. ಆಗ 24ನೇ ನಿಯಮ ಅವರಿಗೆ ನೇರವಾಗಿ ತಾಗದೆಂದು ವಾದಿಸಬಹುದು. ಆದರೆ 2021ರ ಅಧಿಸೂಚನೆಯೂ ಸ್ಥಿರಾಸ್ತಿಯ ಕ್ರಯದ ಸಮಾನತೆಯಿಂದ ಕೃಷಿ ಜಮೀನು, ಫಾರ್ಮ್ ಹೌಸ್, ಪ್ಲಾಂಟೇಶನ್‌ಗಳನ್ನು ಹೊರಗಿಟ್ಟಿದೆ. ಎರಡನ್ನೂ ಒಟ್ಟಿಗೆ ಓದಿದರೆ, ಊರಿಗೆ ಮರಳಿ ನೆಲೆಸಿದ ಮಾತ್ರಕ್ಕೆ ಹೊಸ ತೋಟ ಕೊಳ್ಳುವ ಹಕ್ಕು ಬಂದಿತೆಂದು ತೀರ್ಮಾನಿಸದಿರುವುದೇ ಎಚ್ಚರಿಕೆಯ ಓದು.

5. ಹಳೆಯ ಪತ್ರಗಳು

ಫೆಮಾ 2000ದ ಜೂನ್ 1ರಂದು ಜಾರಿಗೆ ಬಂತು. ಅದಕ್ಕೂ ಹಿಂದೆ, 1974ರ ಜನವರಿ 1ರಿಂದ ಜಾರಿಯಲ್ಲಿದ್ದ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ (ಫೆರಾ) 1973ರ 31ನೇ ಕಲಮು ವಾಸಸ್ಥಳವನ್ನಲ್ಲ, ಪೌರತ್ವವನ್ನು ಕೇಳುತ್ತಿತ್ತು: ಭಾರತದ ಪೌರರಲ್ಲದವರು ಸ್ಥಿರಾಸ್ತಿಯನ್ನು ಪಡೆಯಲು ಅಥವಾ ಪರಭಾರೆ ಮಾಡಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಆಸ್ತಿಯೊಂದರ ಬಗ್ಗೆ ವಿದೇಶಿ ಮಹಿಳೆಯೊಬ್ಬರು 1977ರಲ್ಲಿ ಅನುಮತಿಯಿಲ್ಲದೆ ಮಾಡಿದ ದಾನವನ್ನು ಜಾರಿಗೊಳಿಸಲಾಗದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 26ರಂದು ತೀರ್ಪಿತ್ತಿತು. ಅದಾಗಲೇ ಅಂತಿಮಗೊಂಡ ವ್ಯವಹಾರಗಳನ್ನು ಮತ್ತೆ ಕೆದಕಬಾರದೆಂದೂ ಹೇಳಿತು. ಅದು ನಗರದ ಆಸ್ತಿ, ತೋಟವಲ್ಲ. ಆದರೂ ಪತ್ರವಾದ ದಿನದ ಕಾನೂನನ್ನೇ ನೋಡಬೇಕೆಂಬ ತತ್ವ 1974–2000ರ ನಡುವಿನ ತೋಟದ ಪತ್ರಗಳಿಗೂ ಅನ್ವಯಿಸುವಂತೆ ತೋರುತ್ತದೆ.

6. ಸ್ಥಳನಾಮ

ಭಾರತೀಯ ಮೂಲವನ್ನೂ ವಾರಸನ್ನೂ ರುಜುವಾತುಪಡಿಸುವಾಗ ಹೆಸರುಗಳ ಹೊಂದಾಣಿಕೆ ಬೇಕಾಗುತ್ತದೆ. 1947ರವರೆಗೆ ಈ ಜಿಲ್ಲೆ ‘ಕಡೂರು ಜಿಲ್ಲೆ’. ಇಂಗ್ಲಿಷ್ ದಾಖಲೆಗಳ ‘ಚಿಕ್‌ಮಗಳೂರ್’ ಅಧಿಕೃತವಾಗಿ ‘ಚಿಕ್ಕಮಗಳೂರು’ ಆದದ್ದು 2014ರ ನವೆಂಬರ್ 1ರಂದು. ಕಳಸ ತಾಲ್ಲೂಕಾದದ್ದು ಈಚೆಗೆ. ಹಳೆಯ ಪತ್ರಗಳಲ್ಲಿ ಅದು ಮೂಡಿಗೆರೆ ತಾಲ್ಲೂಕಿನ ಹೋಬಳಿ. ಅಜ್ಜನ ಕ್ರಯಪತ್ರ, ತಂದೆಯ ಪಹಣಿ, ಮಗನ ಪಾಸ್‌ಪೋರ್ಟ್ ಮೂರು ಹೆಸರು ಹೇಳಿದರೂ ಅವು ಮೂರು ಊರುಗಳೆಂದು ಅರ್ಥವಲ್ಲ.

7. ತಾತ್ಕಾಲಿಕ ನಿರ್ಣಯ

ಪಠ್ಯಗಳು ಸಮರ್ಥಿಸುವಷ್ಟು ಇಷ್ಟು: ಒಸಿಐ ನಿವೃತ್ತರು ಕಾಫಿ ಸೀಮೆಯಲ್ಲಿ ಜೀವಮಾನ ವಾಸಿಸಬಹುದು, ವಾರಸಾಗಿ ಬಂದ ತೋಟವನ್ನೂ, ನಿವಾಸಿಯಾಗಿದ್ದಾಗ ಕೊಂಡ ತೋಟವನ್ನೂ ಉಳಿಸಿಕೊಳ್ಳಬಹುದು, ದಾನದಿಂದ ಅಥವಾ ಹೊಸ ಕ್ರಯದಿಂದ ತೋಟ ಪಡೆಯುವುದಕ್ಕೆ ಆಧಾರ ಸಾಲದು. ಪೂರ್ಣ ಹಕ್ಕಿಗೆ ಉಳಿದ ದಾರಿ ಪೌರತ್ವ ಕಾಯ್ದೆಯ 5(1)(ಜಿ): ಒಸಿಐ ನೋಂದಣಿಯಾಗಿ ಐದು ವರ್ಷ ಕಳೆದಿದ್ದು, ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲೇ ವಾಸಿಸಿದವರು ಮತ್ತೆ ಭಾರತೀಯ ಪೌರರಾಗಿ ನೋಂದಾಯಿಸಿಕೊಳ್ಳಲು ಅರ್ಜಿ ಹಾಕಬಹುದು.

ಯಾವುದೇ ಪ್ರಕರಣದಲ್ಲಿ ನಾಲ್ಕು ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಅಗತ್ಯ: ವಿದೇಶಿ ಪೌರತ್ವ ಪಡೆದ ದಿನ, ಒಸಿಐ ನೋಂದಣಿಯ ದಿನ, ತೋಟದ ಪತ್ರವಾದ ದಿನ, ಹಿರಿಯರು ತೀರಿಕೊಂಡ ದಿನ. ಪಹಣಿಯಲ್ಲಿರುವ ಹೆಸರು ಎಷ್ಟು ಗಟ್ಟಿ ಎಂಬುದು ಈ ನಾಲ್ಕರ ಅನುಕ್ರಮದಿಂದ ತಿಳಿಯುತ್ತದೆ.