ಸೀರೆ ಅಂಚಿನ ತಂತಿ

ಸ್ಮಾರ್ಟ್ ಬಟ್ಟೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಅಮೆರಿಕದ ಯಾವುದೋ ಲ್ಯಾಬ್. ಬಟ್ಟೆಯ ಮೇಲೆ ಕಸೂತಿ ಹಾಕಿದ ಆಂಟೆನಾ, ಮಡಚಿದರೂ ಮುರಿಯದ ಸರ್ಕಿಟ್, ಎದೆಬಡಿತ ಅಳೆದು ಮೊಬೈಲಿಗೆ ಕಳಿಸುವ ಬನಿಯನ್. ಇದೆಲ್ಲ ಹೊಸದು, ನಿಜ. ಆದರೆ ಇದಕ್ಕೆ ಬೇಕಾದ ಮುಖ್ಯ ಸಾಮಾನು, ಅಂದರೆ ಕರೆಂಟ್ ಹರಿಯುವ ನೂಲು, ನಮ್ಮ ಅಮ್ಮಂದಿರ ಟ್ರಂಕಿನಲ್ಲಿ ಎಷ್ಟೋ ಕಾಲದಿಂದ ಇದೆ. ಅದೇ ಜರಿ.

ಜರಿ ಹೇಗೆ ಆಗುತ್ತೆ ನೋಡಿ. ಬೆಳ್ಳಿಯ ಕಡ್ಡಿಯನ್ನು ಸಣ್ಣ ತೂತುಗಳಲ್ಲಿ ಎಳೆದೆಳೆದು ಕೂದಲಿನಷ್ಟು ತೆಳು ತಂತಿ ಮಾಡ್ತಾರೆ. ಅದನ್ನು ಚಪ್ಪಟೆ ಮಾಡಿ, ರೇಷ್ಮೆ ಎಳೆಗೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಡ್ತಾರೆ. ಒಳಗೆ ಬಳುಕುವ ದಾರ, ಹೊರಗೆ ಲೋಹ. ಲೋಹಗಳಲ್ಲೆಲ್ಲ ಕರೆಂಟನ್ನು ಅತಿ ಸಲೀಸಾಗಿ ಬಿಡೋದು ಬೆಳ್ಳಿಯೇ. ಮತ್ತೆ, ಬ್ಲೂಟೂತ್ ನಡೆಯುವ 2.4 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ಲೋಹದ ಆಳಕ್ಕೆ ಇಳಿಯೋದಿಲ್ಲ, ಮೇಲಿನ ಒಂದೆರಡು ಮೈಕ್ರಾನ್‌ನಲ್ಲೇ ಓಡುತ್ತೆ. ಹಾಗಾಗಿ ಒಳಗೆ ರೇಷ್ಮೆ ಇದ್ದರೆ ದೊಡ್ಡ ಅಡ್ಡಿಯಲ್ಲ. ಆ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಅದರ ಅರ್ಧದಷ್ಟು ಆಂಟೆನಾ ಸಾಕು, ಅಂದರೆ ಸೆರಗಿನ ಒಂದು ದೊಡ್ಡ ಬುಟ್ಟಾದಷ್ಟು ಜಾಗ.

ನಮ್ಮ ಮೈಸೂರು ಸೀಮೆಗೆ ಕರೆಂಟೂ ಜರಿ ಸೀರೆಯ ಕಾರ್ಖಾನೆಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದವು. 1902ರಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರು ಮಾಡಿದರು. ಮುಂದೆ ಕರೆಂಟ್ ಮಗ್ಗಗಳನ್ನು ತಿರುಗಿಸಿತು. ಆದರೆ ಮಗ್ಗದಲ್ಲಿ ನೇಯ್ದ ಜರಿಯ ಕೆಲಸ ಮಾತ್ರ ಹೊಳೆಯೋದಷ್ಟೇ ಆಗಿ ಉಳೀತು.

ಜರಿಯಂಥ ನೂಲಿಗೆ ಕರೆಂಟ್ ಕೊಟ್ಟು ಕೆಲಸ ತೆಗೆದ ಸುದ್ದಿ ಬಂದದ್ದು ದೂರದಿಂದ. 1997ರಲ್ಲಿ ಎಂಐಟಿಯ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಬಟ್ಟೆಯಲ್ಲೇ ಸರ್ಕಿಟ್ ಮಾಡುವ ಬಗ್ಗೆ ಒಂದು ಪ್ರಬಂಧ ಬರೆದರು. ಅವರು ಬಳಸಿದ ಬಟ್ಟೆಗಳಲ್ಲಿ ರೇಷ್ಮೆಯ ಆರ್ಗಾಂಜಾ ಒಂದು. ಹಾಸು ಬರೀ ರೇಷ್ಮೆ, ಹೊಕ್ಕು ತಾಮ್ರದ ತಗಡು ಸುತ್ತಿದ ರೇಷ್ಮೆ. ಹೊಕ್ಕಿನ ಎಳೆಗಳು ಒಂದಕ್ಕೊಂದು ತಾಗದೆ ಸಾಲಾಗಿ ಇರೋದರಿಂದ ಆ ಬಟ್ಟೆ ರಿಬ್ಬನ್ ಕೇಬಲ್ ಥರ ಕೆಲಸ ಮಾಡುತ್ತೆ. ಇಂಥ ಬಟ್ಟೆಯನ್ನು ಭಾರತದಲ್ಲಿ ಕನಿಷ್ಠ ನೂರು ವರ್ಷದಿಂದ ನೇಯ್ತಿದ್ದಾರೆ ಅಂತ ಅವರೇ ಬರೆದಿದ್ದಾರೆ.

2016ರಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರು ಮೇಜಿನ ಮೇಲಿಡುವ ಎಂಬ್ರಾಯ್ಡರಿ ಮೆಷಿನ್ನಿನಲ್ಲೇ 0.1 ಮಿಲಿಮೀಟರ್ ನಿಖರತೆಯಲ್ಲಿ ಆಂಟೆನಾ ಹೊಲಿದು ತೋರಿಸಿದರು. ಈ ಕೆಲಸದಲ್ಲಿ ಹೊಲಿಗೆ ಯಾವ ದಿಕ್ಕಿಗಿದೆ ಅನ್ನೋದೂ ಮುಖ್ಯ, ಬಿಟ್ಟ ಎಳೆ ಪಕ್ಕದ್ದಕ್ಕೆ ತಾಗಿದರೆ ಶಾರ್ಟ್ ಸರ್ಕಿಟ್. ಧಾರವಾಡದ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳು ಗೆರೆ ಎಳೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ, ಗಂಟಿಲ್ಲದೆ, ಎರಡೂ ಬದಿ ಒಂದೇ ಥರ ಕಾಣುವ ಗವಂತಿ ಹೊಲಿಗೆ ಹಾಕ್ತಾರೆ. ಸರ್ಕಿಟ್‌ಗೆ ಬೇಕಾದ ಶಿಸ್ತು ಇದೇ ಅಲ್ವಾ?

ಇತ್ತ ನಮ್ಮ ರಾಜಾಜಿನಗರ, ಬಸವೇಶ್ವರನಗರದ ಗಲ್ಲಿಗಳಲ್ಲಿ "ಹಳೇ ಜರಿ ಸೀರೆ" ಅಂತ ಕೂಗಿಕೊಂಡು ಬರೋರು ಇನ್ನೂ ಇದ್ದಾರೆ. ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇಕಡಾ 65 ಬೆಳ್ಳಿ, 0.65 ಚಿನ್ನ. ಕೊಂಡ ಸೀರೆಯನ್ನು ಸುಟ್ಟು ಬೆಳ್ಳಿ ತೆಗೀತಾರೆ. ಊರಲ್ಲಿ ನಮ್ಮಜ್ಜಿಯ ಧಾರೆ ಸೀರೆ ಹೋಗಿದ್ದೂ ಹೀಗೇ. ಆ ದುಡ್ಡು ನನ್ನ ಬಿಇ ಫೀಸಿಗೆ ಸೇರಿತು. ಮುಂದೆ ಕ್ಲಾಸಲ್ಲಿ ಸ್ಕಿನ್ ಎಫೆಕ್ಟ್ ಪಾಠ ಮಾಡುವಾಗ ಕೊಟ್ಟ ಉದಾಹರಣೆ ತಾಮ್ರದ ತಂತಿ. ಸೀರೆ ಮಾರಿದ್ದಕ್ಕೆ ಅಜ್ಜಿಯನ್ನು ಬೈಯೋ ಹಕ್ಕು ನನಗಿಲ್ಲ, ಅವರಿಗೆ ಆವತ್ತು ಮೊಮ್ಮಗನ ಓದು ದೊಡ್ಡದಾಗಿತ್ತು. ಆ ಓದು ಮುಗಿಸಿಕೊಂಡ ನಮ್ಮಂಥವರು ಜರಿಯನ್ನು ಬೆಳ್ಳಿಯ ತೂಕದಲ್ಲಿ ಮಾತ್ರ ಅಳೆದರೆ ಹೇಗೆ?

ಇವತ್ತಿನ ಅಗ್ಗದ ಸೀರೆಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ ಜರಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಅಮ್ಮನ ಹಳೇ ಸೀರೆಯ ಅಂಚಿಗೆ ಮೆಲ್ಲಗೆ ಮುಟ್ಟಿಸಿ ನೋಡಿ. ಬೀಪ್ ಅಂದರೆ ಲೋಹದ ಜರಿ. ಜರಿ ಎಳೆಯೋರು, ನೇಯೋರು, ಕಸೂತಿ ಹಾಕೋರು ಇನ್ನೂ ನಮ್ಮ ನಡುವೆ ಇದ್ದಾರೆ. ಬಟ್ಟೆಯಲ್ಲಿ ಆಂಟೆನಾ ಮಾಡಲು ಹೊರಟ ಎಂಜಿನಿಯರ್ ಮೊದಲು ಹೋಗಿ ಕೂತು ಮಾತಾಡಬೇಕಾದ್ದು ಅವರ ಹತ್ತಿರ.