ಮಡಚುವ ಜರ್ಮನ್ ಕ್ಯಾಮರಾಗಳ ಮಾದರಿ ನಿರ್ಣಯ: ಕರಾವಳಿಯ ಹವೆ ಒಡ್ಡುವ ಪ್ರಶ್ನೆ

ಜರ್ಮನಿಯ ಮಡಚುವ ರೇಂಜ್‌ಫೈಂಡರ್ ಕ್ಯಾಮರಾಗಳನ್ನು ಸಂಗ್ರಾಹಕರು ಹೆಚ್ಚಾಗಿ ಹೆಸರು, ಸಂಖ್ಯೆಗಳಿಂದಲೇ ವಿಂಗಡಿಸುತ್ತ ಬಂದಿದ್ದಾರೆ. ಭಟ್ಕಳ, ಹೊನ್ನಾವರ, ಕುಮಟಾಗಳಂಥ ಊರುಗಳಲ್ಲಿ ಈ ಕ್ರಮ ಸಾಲದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಪಟ್ಟಿಯಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಬೆಲ್ಲೋಸಿನ ಮಡಿಕೆಗಳು ಸಡಿಲಾಗುತ್ತವೆ, ಚರ್ಮದ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ಹಾಗಾಗಿ ಶುಚಿಗೊಳಿಸಲು ಮತ್ತೆ ಮತ್ತೆ ಬಿಚ್ಚಿ ಜೋಡಿಸಿಕೊಂಡೇ ಉಳಿದುಬಂದ ಕ್ಯಾಮರಾವನ್ನು ವರ್ಣಿಸುವಾಗ ಮೊದಲು ಕೇಳಬೇಕಾದ್ದು ದೂರ ಅಳೆಯುವ ಭಾಗ ಲೆನ್ಸಿನೊಡನೆ ಎಲ್ಲಿ, ಹೇಗೆ ಕೂಡಿಕೊಂಡಿದೆ ಎಂಬುದನ್ನು. ಸಂಖ್ಯೆಯ ಸರದಿ ಆಮೇಲೆ.

ಸಂಖ್ಯೆ ಎಷ್ಟು ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಝೈಸ್ ಇಕಾನ್‌ನ ಸೂಪರ್ ಇಕೊಂಟಾ ಒಳ್ಳೆಯ ನಿದರ್ಶನ. ನಾಲ್ಕು ಕಂಪನಿಗಳು ಕೂಡಿ 1926ರಲ್ಲಿ ಹುಟ್ಟಿದ ಈ ಸಂಸ್ಥೆ 1934ರಲ್ಲಿ ಸೂಪರ್ ಇಕೊಂಟಾವನ್ನು ಹೊರತಂದಿತು. ಅದರ ಒಂದು ಮಾದರಿಯ 532/16 ಎಂಬ ಗುರುತು 1937ರಿಂದ 1950ರ ದಶಕದ ಮಧ್ಯದವರೆಗೂ ನಡೆಯಿತು. ಅಷ್ಟರಲ್ಲಿ ಲೇಪನವಿಲ್ಲದ ಟೆಸ್ಸಾರ್ ಲೆನ್ಸ್ ಹೋಗಿ ಕೆಂಪು ‘ಟಿ’ ಗುರುತಿನ ಲೇಪಿತ ಟೆಸ್ಸಾರ್ ಬಂತು. ಕಾಂಪುರ್-ರ‍್ಯಾಪಿಡ್ ಶಟರಿನ ಜಾಗದಲ್ಲಿ ಸಿಂಕ್ರೊ-ಕಾಂಪುರ್ ಕೂತಿತು. ಸಂಖ್ಯೆ ಮಾತ್ರ ಅದೇ. 120ರ ಸುರುಳಿಯಲ್ಲಿ ಹನ್ನೆರಡರ ಬದಲು 11 ಚಿತ್ರಗಳನ್ನಷ್ಟೇ ಕೊಡುವ ಅದರ ಗುಣವೂ ಬದಲಾಗಲಿಲ್ಲ. ಹೆಸರಿನ ಗತಿಯೂ ಇಷ್ಟೇ: ಆಗ್ಫಾದ ಸೂಪರ್ ಐಸೊಲೆಟ್ ಅಮೆರಿಕದಲ್ಲಿ ಆನ್ಸ್ಕೊ ಸೂಪರ್ ಸ್ಪೀಡೆಕ್ಸ್ ಆಗಿ ಮಾರಾಟವಾಯಿತು.

ಜೋಡಣೆಯನ್ನು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಸೂಪರ್ ಇಕೊಂಟಾದಲ್ಲಿ ಲೆನ್ಸಿನ ಮುಂದಿನ ಗಾಜು ಮಾತ್ರ ತಿರುಗುತ್ತದೆ. ಅದರ ಹಲ್ಲುಗಾಲಿಗಳು ಪಕ್ಕದ ತೋಳಿನಲ್ಲಿರುವ ಎರಡು ಗಾಜಿನ ಬೆಣೆಗಳನ್ನು ಎದುರುಬದುರಾಗಿ ತಿರುಗಿಸುತ್ತವೆ. ಬೂಷ್ಟು ತೆಗೆಯಲು ಮುಂದಿನ ಗಾಜನ್ನು ಬಿಚ್ಚಿ, ಮತ್ತೆ ಕೂರಿಸುವಾಗ ತಿರುಪಿನ ಒಂದು ಸುತ್ತು ತಪ್ಪಿದರೂ ರೇಂಜ್‌ಫೈಂಡರಿನ ಕಿಂಡಿಯಲ್ಲಿ ಎರಡು ಬಿಂಬಗಳು ಸೊಗಸಾಗಿ ಕೂಡುತ್ತವೆ, ಫಿಲ್ಮಿನ ಮೇಲೆ ಚಿತ್ರ ಮಸುಕಾಗುತ್ತದೆ. ಆಗ್ಫಾ ಐಸೊಲೆಟ್ 3ರಲ್ಲಿ ಅಳತೆಗೂ ಲೆನ್ಸಿಗೂ ಸಂಬಂಧವೇ ಇಲ್ಲ. ದೂರ ಓದಿಕೊಂಡು ಕೈಯಿಂದ ಲೆನ್ಸ್ ಹೊಂದಿಸಬೇಕು. ಅದರ ಗ್ರೀಸ್ ಕಾಲಾಂತರದಲ್ಲಿ ಗಟ್ಟಿಯಾಗಿ ಮುಂದಿನ ಗಾಜು ನಡುವಿನದಕ್ಕೆ ಅಂಟಿದಾಗ ಎರಡೂ ಒಟ್ಟಿಗೆ ತಿರುಗುತ್ತವೆ. ಅಳತೆ ಸರಿ, ಲೆನ್ಸ್ ತಪ್ಪು. ಫೊಯ್ಕ್‌ಟ್‌ಲೆಂಡರ್ ಬೆಸ್ಸಾ 2 (1950) ಹಾಗೂ ಕೊಡಾಕ್ ರೆಟಿನಾ 2ಎ (1951) ಮಾದರಿಗಳಲ್ಲಿ ಇಡೀ ಲೆನ್ಸೇ ಹಿಂದೆಮುಂದೆ ಸರಿಯುವುದರಿಂದ ಈ ಬಗೆಯ ದೋಷಕ್ಕೆ ಎಡೆಯಿಲ್ಲ.

ಹವೆ ಎಲ್ಲ ಕ್ಯಾಮರಾಗಳಿಗೂ ಒಂದೇ, ಜೋಡಣೆಗೇಕೆ ಇಷ್ಟು ತೂಕ ಎಂದು ಕೇಳಬಹುದು. ಬೂಷ್ಟು ಬೆಸ್ಸಾವನ್ನೂ ಬಿಡದು, ನಿಜ. ಆದರೆ ಬೂಷ್ಟು ಕಣ್ಣಿಗೆ ಕಾಣುತ್ತದೆ. ತಪ್ಪಿ ಕೂತ ಗಾಜು ಕಾಣುವುದಿಲ್ಲ. ರಿಪೇರಿಯ ತಪ್ಪನ್ನು ಮಾದರಿಯ ಲಕ್ಷಣವೆಂದು ಬರೆದುಬಿಡುವ ಅಪಾಯ ಇರುವುದು ಅಲ್ಲಿಯೇ. ಬಿಚ್ಚಿ ಜೋಡಿಸಿದ ಕ್ಯಾಮರಾ ಚೆನ್ನಾಗಿ ಚಿತ್ರ ತೆಗೆಯದೆಂದು ದೂರುವ ಮುನ್ನ ಪರೀಕ್ಷೆ ಬೇಕು. ಅದಕ್ಕೆ ದುಬಾರಿ ಸಲಕರಣೆಯೂ ಬೇಡ. ಹಿಂಬದಿ ತೆರೆದು, ಫಿಲ್ಮ್ ಕೂರುವ ಜಾಗದಲ್ಲಿ ಉಜ್ಜಿದ ಗಾಜು ಇಟ್ಟು, ಶಟರನ್ನು ‘ಬಿ’ಯಲ್ಲಿ ತೆರೆದು ಹಿಡಿದು, ಮುರುಡೇಶ್ವರದ ದಡದಿಂದ ನೇತ್ರಾಣಿ ದ್ವೀಪವನ್ನು ನೋಡಿದರಾಯಿತು, ಈ ಲೆನ್ಸುಗಳ ಮಟ್ಟಿಗೆ ಅದು ಅನಂತ ದೂರವೇ. ಮಳೆ ಹೊಳವಾದ ದಿನ ದ್ವೀಪದ ಅಂಚು ಗಾಜಿನ ಮೇಲೆ ಚೂಪಾಗಿ ಮೂಡಿದಾಗ ಕಿಂಡಿಯ ಬಿಂಬಗಳೂ ಕೂಡಿದ್ದರೆ ಜೋಡಣೆ ಸರಿಯಿದೆ. ಕೂಡದಿದ್ದರೆ ದಾಖಲೆಯಲ್ಲಿ ಮಾದರಿಯ ಹೆಸರಿನ ಪಕ್ಕದಲ್ಲೇ ಅದನ್ನೂ ಬರೆಯಬೇಕು.