ಮೀಟರಿನಿಂದೀಚೆ

ಮುಂಬಯಿಗೆ ವಿದ್ಯುತ್ತು ಬಂದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕಂಪನಿಗಳ ಕಥೆಯನ್ನೇ ಹೇಳುತ್ತಾರೆ. 1882ರಲ್ಲಿ ಕ್ರಾಫರ್ಡ್ ಮಾರುಕಟ್ಟೆಯಲ್ಲಿ ಮೊದಲ ವಿದ್ಯುದ್ದೀಪಗಳನ್ನು ಬೆಳಗಿಸಿದ ಕಂಪನಿ ಬಹುಬೇಗ ದಿವಾಳಿಯೆದ್ದಿತು. 1905ರಲ್ಲಿ ಬೆಸ್ಟ್ ಕಂಪನಿ ಹುಟ್ಟಿತು. ನಮ್ಮ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ಬೆಳಕು ಬಂದದ್ದೂ ಅದೇ ವರ್ಷ. 1907ರಲ್ಲಿ ಕುದುರೆ ಎಳೆಯದ ಟ್ರಾಮು ಓಡಿತು. 1915ರಲ್ಲಿ ಟಾಟಾ ಕಂಪನಿ ಖೋಪೋಲಿಯಿಂದ ಜಲವಿದ್ಯುತ್ತನ್ನು ಗಿರಣಿಗಳಿಗೆ ತಂದಿತು. 1947ರ ಆಗಸ್ಟ್ 7ರಂದು ಬೆಸ್ಟ್ ನಗರಪಾಲಿಕೆಯ ಕೈಸೇರಿತು. ಈ ಕಥೆ ಬೀದಿಯ ತಂತಿಯಲ್ಲಿ ಹರಿದುಬಂದು ಮನೆಯ ಮೀಟರಿನ ಬಳಿ ನಿಂತುಬಿಡುತ್ತದೆ. ಮೀಟರಿನಿಂದೀಚೆ ಗೋಡೆಯೊಳಗೆ ಹೋಗುವ ತಂತಿಯನ್ನು ಎಳೆದವರು ಯಾರು, ಅದಕ್ಕೆ ಹೊಣೆ ಯಾರು ಎಂಬುದಕ್ಕೆ ಬೇರೆಯದೇ ಒಂದು ಚರಿತ್ರೆಯಿದೆ. ಅದು ವಿದ್ಯುತ್ ಗುತ್ತಿಗೆದಾರನ ಪರವಾನಗಿಯ ಚರಿತ್ರೆ.

ವಿದ್ಯುತ್ತಿಗೆ ಸಂಬಂಧಿಸಿದ ಕಾನೂನು 1903ರಲ್ಲಿ, ಅನಂತರ ಹೆಚ್ಚು ವಿಸ್ತಾರವಾಗಿ 1910ರಲ್ಲಿ ಬಂದಿತು. ಸರಬರಾಜು ಕಂಪನಿಗೂ ಗ್ರಾಹಕನಿಗೂ ನಡುವಿನ ಗಡಿಯನ್ನು ಈ ಕಾನೂನಿನ ವ್ಯವಸ್ಥೆ ಗುರುತಿಸಿತು: ಗಡಿಯಿಂದಾಚೆ ಕಂಪನಿಯ ಸೊತ್ತು, ಈಚೆ ಗ್ರಾಹಕನದು. ಆದರೆ ಗ್ರಾಹಕನಿಗೆ ತಂತಿಯ ವಿದ್ಯೆ ತಿಳಿಯದು. ಒಬ್ಬನ ಅಜ್ಞಾನದಿಂದ ಹೊತ್ತಿದ ಬೆಂಕಿ ಇಡೀ ಚಾಳನ್ನು ಸುಡಬಲ್ಲುದು. ಈ ತೆರವನ್ನು ತುಂಬಲು ಸರ್ಕಾರ ಗುತ್ತಿಗೆದಾರನನ್ನು ನಿಲ್ಲಿಸಿತು. 1956ರ ವಿದ್ಯುತ್ ನಿಯಮಗಳ 45ನೆಯ ನಿಯಮ ಇದನ್ನು ಮೂರು ಹೆಜ್ಜೆಗಳಲ್ಲಿ ಕಟ್ಟಿತು. ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿಯಿರುವ ಗುತ್ತಿಗೆದಾರನೇ ಹಿಡಿಯಬೇಕು. ಅರ್ಹತಾಪತ್ರವಿರುವ ಮೇಲ್ವಿಚಾರಕನ ನೇರ ಕಣ್ಗಾವಲಿನಲ್ಲಿ ಅದು ನಡೆಯಬೇಕು. ಪರ್ಮಿಟ್ ಇರುವ ವೈರ್‌ಮನ್ನನೇ ಅದನ್ನು ಮಾಡಬೇಕು. ಇದನ್ನು ಮೀರಿ ಆದ ಕೆಲಸಕ್ಕೆ ಸಂಪರ್ಕ ಕೊಡಬಾರದು. 2003ರ ಹೊಸ ಕಾಯಿದೆ ಹಳೆಯ ಕಾಯಿದೆಯನ್ನು ತೆಗೆದುಹಾಕಿದ ಮೇಲೆಯೂ, 2010ರ ಸುರಕ್ಷತಾ ನಿಬಂಧನೆಗಳಲ್ಲಿ ಈ ಮೂರು ಹೆಜ್ಜೆಗಳು ಹಾಗೆಯೇ ಉಳಿದವು.

ಆ ನಿಯಮಕ್ಕೆ ಒಂದು ಸಣ್ಣ ವಿನಾಯಿತಿಯಿತ್ತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳ ಬದಲಾವಣೆಗೆ ಪರವಾನಗಿ ಬೇಡ. ಆದರೆ ಒಟ್ಟು ಜೋಡಣೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಕೂಡದು. ಚಾಳಿನ ಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದ್ದ ಕಾಲಕ್ಕೆ ಈ ಮಾತು ನ್ಯಾಯವಾಗಿಯೇ ಇತ್ತು. ಅದೇ ಕೋಣೆಗೆ ಇಸ್ತ್ರಿಪೆಟ್ಟಿಗೆ, ಗೀಸರ್, ಫ್ರಿಜ್ಜು, ಕೊನೆಗೆ ಏರ್‌ಕಂಡಿಷನರ್ ಒಂದೊಂದಾಗಿ ಬಂದಾಗ ಪ್ರತಿಯೊಂದೂ ಸಣ್ಣ ಬದಲಾವಣೆಯಾಗಿಯೇ ಕಂಡಿತು. ಕಾನೂನು ಸಾಮರ್ಥ್ಯದ ಲೆಕ್ಕ ಕೇಳುತ್ತಿತ್ತು. ಲೆಕ್ಕ ಇಡುವವನನ್ನು ಮಾತ್ರ ಯಾರೂ ಕರೆಯಲಿಲ್ಲ.

ಇನ್ನು ಖರ್ಚಿನ ಮಾತು. ಮೊದಮೊದಲು ರಬ್ಬರ್ ಹೊದಿಕೆಯ ತಾಮ್ರದ ತಂತಿಯನ್ನು ಮರದ ಪಟ್ಟಿಯ ಕೊರಕಿನಲ್ಲಿ ಕೂರಿಸಿ ಮೇಲೆ ಮುಚ್ಚಳ ಬಡಿಯುತ್ತಿದ್ದರು. ಇದಕ್ಕೆ ಕೇಸಿಂಗ್-ಕ್ಯಾಪಿಂಗ್ ಎಂದು ಹೆಸರು. ಆ ಕೆಲಸ ಅರ್ಧ ಬಡಗಿಯದು. ಆಮೇಲೆ ತೇಗದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ತಂತಿ ಎಳೆಯುವ ಕಾಲ, ಅನಂತರ ಗೋಡೆ ಕೊರೆದು ಪೈಪು ಹೂಳುವ ಕಾಲ. ಕೂಲಿಯನ್ನು ಲೆಕ್ಕ ಹಾಕಿದ್ದು ಗಂಟೆಯಲ್ಲಲ್ಲ, ‘ಪಾಯಿಂಟ್’ನಲ್ಲಿ. ಒಂದು ದೀಪ ಒಂದು ಪಾಯಿಂಟ್, ಒಂದು ಫ್ಯಾನು ಒಂದು ಪಾಯಿಂಟ್. ಗ್ರಾಹಕನಿಗೆ ಅನುಕೂಲವೆನಿಸಿದ ಈ ಪದ್ಧತಿಯಲ್ಲಿ ಒಂದು ಕೆಡುಕೂ ಇತ್ತು. ಪಾಯಿಂಟಿನ ದರ ಗೊತ್ತಾದ ಮೇಲೆ ಲಾಭ ಉಳಿಯುವುದು ಕಣ್ಣಿಗೆ ಕಾಣದ ಜಾಗದಲ್ಲಿ ಮಾತ್ರ: ತಂತಿಯ ದಪ್ಪದಲ್ಲಿ, ಅರ್ಥಿಂಗ್‌ನಲ್ಲಿ, ಗಂಟು ಹಾಕುವ ಶ್ರದ್ಧೆಯಲ್ಲಿ.

ಅದರ ಮೇಲೆ ಅರವತ್ತರ ದಶಕದ ವಿದೇಶಿ ವಿನಿಮಯದ ಮುಗ್ಗಟ್ಟು ಬಂದಿತು. ತಾಮ್ರ ಬಹುಪಾಲು ಹೊರದೇಶದಿಂದ ಬರಬೇಕಾಗಿದ್ದ ಲೋಹ. ಅದರ ಜಾಗಕ್ಕೆ ಅಲ್ಯೂಮಿನಿಯಂ ಬಂದಿತು. ಅಲ್ಯೂಮಿನಿಯಂ ಅಗ್ಗ, ಹಗುರ. ಆದರೆ ತಿರುಪಿನ ಕೆಳಗೆ ಕಾಲಕ್ರಮದಲ್ಲಿ ಒತ್ತಿಹೋಗಿ ಸಡಿಲವಾಗುತ್ತದೆ, ಅದರ ಮೈಮೇಲೆ ಕಟ್ಟುವ ಆಕ್ಸೈಡ್ ಪದರ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ, ಸಡಿಲವಾದ ಜೋಡಣೆ ಬಿಸಿಯೇರುತ್ತದೆ. ತಾಮ್ರಕ್ಕೆ ಒಗ್ಗಿದ ಕೈಗಳು ಅದೇ ಅಭ್ಯಾಸದಲ್ಲಿ ಅಲ್ಯೂಮಿನಿಯಂ ಬಿಗಿದರೆ ದೋಷ ತಕ್ಷಣ ಕಾಣದು, ವರ್ಷಗಳ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಗುತ್ತಿಗೆದಾರ ಬೇರೆ ಕಟ್ಟಡದಲ್ಲಿರುತ್ತಾನೆ.

ಹಾಗಾದರೆ ಹಳೆಯ ತಂತಿಯನ್ನು ಕಿತ್ತು ಹೊಸದು ಹಾಕಬಹುದಿತ್ತಲ್ಲವೆ? ದಕ್ಷಿಣ ಮುಂಬಯಿಯ ಚಾಳುಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಬಾಡಿಗೆಯ ಕಾನೂನಿನಲ್ಲಿದೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರನನ್ನು ಅದು ಬೀದಿಪಾಲಾಗದಂತೆ ಕಾಪಾಡಿತು, ನಿಜ. ಆದರೆ ಅಷ್ಟು ಬಾಡಿಗೆಯಲ್ಲಿ ರಿಪೇರಿಯ ಗೋಜಿಗೆ ಹೋಗುವ ಮಾಲೀಕರು ವಿರಳವಾದರು. ತನ್ನದಲ್ಲದ ಗೋಡೆಗೆ ಬಾಡಿಗೆದಾರ ಹಣ ಹಾಕಲು ಹಿಂಜರಿದ. 1969ರಲ್ಲಿ ಕಟ್ಟಡ ದುರಸ್ತಿ ಮಂಡಳಿಗಾಗಿ ಕಾನೂನು ಬಂದರೂ ಅದರ ಚಿಂತೆ ಕುಸಿಯುವ ತೊಲೆಗಳದ್ದು, ಬಿಸಿಯೇರುವ ತಂತಿಗಳದ್ದಲ್ಲ.

ಸಾಮಾನಿನ ಮಾರುಕಟ್ಟೆ ಮಾತ್ರ ಇದೇ ಹೊತ್ತಿನಲ್ಲಿ ಬೆಳೆಯಿತು. 1882ರ ದೀಪ ಉರಿದ ಕ್ರಾಫರ್ಡ್ ಮಾರುಕಟ್ಟೆಯಿಂದ ಕೂಗಳತೆಯಲ್ಲಿರುವ ಲೋಹಾರ್ ಚಾಳ್, ಅಂದರೆ ಕಮ್ಮಾರರ ಚಾಳು, ವಿದ್ಯುತ್ ಸಾಮಾನಿನ ಸಗಟು ಪೇಟೆಯಾಯಿತು. ಇಂದು ದೇಶವೆಲ್ಲ ಹೆಸರು ಬಲ್ಲ ಪಾಲಿಕ್ಯಾಬ್ ಕಂಪನಿಯ ಬೇರು ಅಲ್ಲಿಯ ಒಂದು ಅಂಗಡಿಯಲ್ಲಿದೆ. ಸಣ್ಣ ಗುತ್ತಿಗೆದಾರನಿಗೆ ಈ ಗಲ್ಲಿಯೇ ಬ್ಯಾಂಕು. ಅಂಗಡಿಯವನು ಸಾಲ ಕೊಟ್ಟರೆ ಕೆಲಸ ಉಂಟು, ಬಿಲ್ ಪಾಸಾದ ಮೇಲೆ ತೀರಿಕೆ. ಸಾಲ ತಡವಾದಷ್ಟೂ ದರ ಏರುತ್ತದೆ, ದರ ಏರಿದಷ್ಟೂ ಒಳ್ಳೆಯ ತಂತಿ ದೂರವಾಗುತ್ತದೆ. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಕೂಗಿದವನಿಗೆ ಕೆಲಸ ದೊರೆತರೆ, ಅವನ ಠೇವಣಿಯೂ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ.

ಇಂಥ ಪೇಟೆಯಲ್ಲಿ ಪರವಾನಗಿಯೇ ಒಂದು ಸರಕಾದದ್ದು ಆಶ್ಚರ್ಯವಲ್ಲ. ಪರವಾನಗಿ ಪಡೆಯಲು ಮೇಲ್ವಿಚಾರಕನನ್ನು ಇಟ್ಟುಕೊಳ್ಳಬೇಕು, ಮೆಗ್ಗರ್‌ನಂಥ ಪರೀಕ್ಷಾ ಉಪಕರಣ ಬೇಕು, ಕಾಲಕಾಲಕ್ಕೆ ನವೀಕರಿಸಬೇಕು. ಇಷ್ಟು ಹೊರೆ ಹೊರಲಾರದ ಕುಶಲ ವೈರ್‌ಮನ್ ತಾನೇ ಕೆಲಸ ಮಾಡಿ, ಕೊನೆಯ ಪರೀಕ್ಷಾ ವರದಿಗೆ ಪರವಾನಗಿ ಉಳ್ಳವನೊಬ್ಬನ ಸಹಿಯನ್ನು ಹಣ ಕೊಟ್ಟು ತರುತ್ತಾನೆ. ಈ ಕಸುಬಿನವರಲ್ಲಿ ಇದು ಗುಟ್ಟೇನೂ ಅಲ್ಲ. ಸಹಿ ಹಾಕಿದವನು ಗೋಡೆ ನೋಡಿರುವುದಿಲ್ಲ. ಗೋಡೆ ಕೊರೆದವನ ಹೆಸರು ಕಾಗದದಲ್ಲಿರುವುದಿಲ್ಲ. ಇದರಲ್ಲಿ ವೈರ್‌ಮನ್ನನನ್ನೇ ದೂರುವುದು ನನಗೆ ಸರಿಕಾಣುವುದಿಲ್ಲ. ಅರ್ಹತೆಗೆ ಬೆಲೆ ಕಟ್ಟದೆ ಅರ್ಹತಾಪತ್ರಕ್ಕೆ ಮಾತ್ರ ಬೆಲೆ ಕಟ್ಟಿದ ಪೇಟೆಯ ದೋಷ ಅದು.

ನಮ್ಮ ಕರಾವಳಿಯವರ ಹೋಟೆಲುಗಳೂ ಈ ಚರಿತ್ರೆಯ ಹೊರಗಿಲ್ಲ. ಕೈಯಲ್ಲಿ ರುಬ್ಬುತ್ತಿದ್ದ ಒರಳಿಗೆ ಮೋಟಾರು ಬಂದಂದು ಅಡಿಗೆಮನೆಯ ವಿದ್ಯುತ್ ಭಾರ ಒಮ್ಮೆಗೇ ಏರಿತು. ಒದ್ದೆ ನೆಲ, ಹಬೆ, ಎಣ್ಣೆಜಿಡ್ಡು, ಬರಿಗಾಲಿನ ಹುಡುಗರು: ಅರ್ಥಿಂಗ್ ಸರಿಯಿಲ್ಲದ ಮೋಟಾರಿಗೆ ಇದಕ್ಕಿಂತ ಅಪಾಯದ ಜಾಗ ಸಿಗದು. ಸಂಪರ್ಕ ಕೊಡುವ ಮುನ್ನ 500 ವೋಲ್ಟಿನಲ್ಲಿ ಒಂದು ನಿಮಿಷ ತಂತಿಯ ನಿರೋಧ ಅಳೆಯಬೇಕು, ಅದು ಒಂದು ಮೆಗಾ ಓಮ್‌ಗಿಂತ ಕಡಿಮೆಯಿರಬಾರದು ಎಂದು ನಿಯಮವಿದೆ. ಆ ಒಂದು ನಿಮಿಷದ ಪರೀಕ್ಷೆಗೆ ಹೆಚ್ಚಿನ ಹಣ ಬೇಡ. ಮೆಗ್ಗರ್ ಹಿಡಿದವನು ಅಡಿಗೆಮನೆಯೊಳಗೆ ಬರಬೇಕು, ಅಷ್ಟೆ.